ಒತ್ತೆಗೆ ಹೋದ ಅತ್ತೆ

ಆಗಸ್ಟ್ 11

ಆಸ್ಪತ್ರೆಯ ಹತ್ತು ಸಾವಿರ ಹೊದಿಕೆಗಳನ್ನು ಇಸ್ತ್ರಿಪೆಟ್ಟಿಗೆಯಿಂದ ಮಣಿಸಿ, ಮಡಿಸಿ, ಕಪಾಟಿಗೆ ಅಟ್ಟಿದ ವೀರಾಗ್ರಣಿ ಅಕ್ಕನವರ ಸನ್ನಿಧಿಗೆ,

ಕೆಳಗಿನ ಬೀದಿಯ ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುತ್ತ, ಊರಿನ ಮದುವೆಗಳನ್ನೂ ಸಾವುಗಳನ್ನೂ ಒಂದೇ ದಪ್ಪಕ್ಷರದಲ್ಲಿ ಪ್ರಕಟಿಸುತ್ತಿರುವ ತಮ್ಮನ ಬಿನ್ನಹ. ಕ್ಷೇಮ ಸಮಾಚಾರವನ್ನು ಕೊನೆಗೆ ಬರೆಯುತ್ತೇನೆ. ಅಷ್ಟರೊಳಗೆ ಏನಾದರೂ ಹೆಚ್ಚುಕಡಿಮೆಯಾದರೆ ತಿದ್ದಲು ಅನುಕೂಲ.

ಓಟ ನಿಗದಿಯಾಗಿದೆ. ಇಪ್ಪತ್ತನೇ ತಾರೀಖು. ನಿನ್ನೆ ಒತ್ತೆಯೂ ಆಯಿತು. ನಾಲ್ಕು ವರ್ಷ ನಗರದಲ್ಲಿದ್ದು ನಿನಗೆ ಮರೆತಿರಬಹುದು ಎಂಬ ಕಾಳಜಿಯಿಂದ ನಿಯಮಗಳನ್ನು ಗಂಭೀರವಾಗಿ ನೆನಪಿಸುತ್ತೇನೆ. ಓಟಕ್ಕೆ ಹತ್ತು ದಿನ ಇರುವಾಗ ಮೇಲಿನ ಬೀದಿಯ ಕುದುರೆ ನಮ್ಮ ಬೀದಿಗೆ ಬರಬೇಕು, ನಮ್ಮದು ಅಲ್ಲಿಗೆ ಹೋಗಬೇಕು. ಓಟದ ಬೆಳಿಗ್ಗೆಯವರೆಗೆ ಶತ್ರುವಿನ ಕುದುರೆಗೆ ನಾವೇ ತಾಯಿತಂದೆ. ಬಂದದ್ದಕ್ಕಿಂತ ಚೆನ್ನಾಗಿ ವಾಪಸು ಕಳಿಸದಿದ್ದರೆ ಬೀದಿಯ ಮಾನ ಹೋಯಿತು. ಅದರಲ್ಲಿ ಏನೇ ಐಬು ಕಂಡರೂ ಊರಿನಲ್ಲಿ ಒಬ್ಬರ ಮುಂದೆಯೂ ಬಾಯಿ ಬಿಡಬಾರದು. ಲಾಯದಲ್ಲಿ ಕಂಡದ್ದು ಲಾಯದಲ್ಲೇ.

ಅವರ ಕುದುರೆಗೆ ಅವರಿಟ್ಟ ಹೆಸರು ಸಿಡಿಲು. ನಾವು ಮದುಮಗ ಅನ್ನುತ್ತೇವೆ. ಮೂರು ಸಲ ಬೇಡಿಕೊಳ್ಳದೆ ತಿನ್ನುವುದಿಲ್ಲ, ಯಾರ ಮುಖವನ್ನೂ ನೇರವಾಗಿ ನೋಡುವುದಿಲ್ಲ. ಈಗ ನಮ್ಮ ಮನೆಯ ಲಾಯದಲ್ಲೇ ಠಿಕಾಣಿ. ಇವತ್ತು ಅವನ ಬಾಲ ಬಾಚುತ್ತಿದ್ದೆ. ಅಪ್ಪ ಬಾಗಿಲಲ್ಲಿ ನಿಂತು, "ಲೇ, ನನ್ನ ತಲೆನ ಯಾವತ್ತಾದ್ರೂ ಹೀಗೆ ಬಾಚಿದೀಯೇನೋ?" ಅಂದರು. "ಬಾಚೋಕೆ ಏನಾದ್ರೂ ಇರ್ಬೇಕಲ್ಲಪ್ಪಾ" ಅಂದೆ. ಬ್ರಷ್ಷು ನನ್ನ ಬೆನ್ನಿಗೆ ಬಿತ್ತು. ಕುದುರೆ ಬೆಚ್ಚಲಿಲ್ಲ, ಅಭ್ಯಾಸವಾಗಿದೆ.

ನಮ್ಮ ಬೀದಿಯ ಸವಾರ ಈ ಸಲ ನಾನೇ. ನಕ್ಕಾಯಿತೇ? ಸರಿ, ಮುಂದೆ ಓದು. ನಮ್ಮ ಕಡೆಯಿಂದಲೂ ಒಂದು ಜೀವ ಮೇಲೆ ಹೋಗಿದೆ. ಗಡಿಯಾರ ರಿಪೇರಿಯವನ ಅಂಗಡಿಯ ಹಿಂದೆ ಕಟ್ಟಿದ್ದಾರೆ. ಅವನು ಗೊತ್ತಲ್ಲ, ಗೋಡೆ ಗಡಿಯಾರದ ಹಾಗೆ ಗಂಟೆಗೊಂದು ಸಲ ಬಾಯಿ ಬಿಡುವವನು.

ಎಲ್ಲರೂ ಕ್ಷೇಮ. ಬರೆಯುವಷ್ಟರಲ್ಲಿ ಏನೂ ಬದಲಾಗಲಿಲ್ಲ.

ತಮ್ಮ


ಆಗಸ್ಟ್ 16

ತರಲೆಗೆ,

ಬಾಚಣಿಗೆಯ ಮಾತಿಗೆ ಇಸ್ತ್ರಿ ಕೋಣೆಯವರೆಲ್ಲ ಬಿದ್ದು ಬಿದ್ದು ನಕ್ಕರು. ಮೇಲ್ವಿಚಾರಕಿ ಬಂದು, "ಯಾರಿಗೆ ಮದುವೆ ಗೊತ್ತಾಯ್ತು?" ಎಂದಳು. "ಕುದುರೆಗೆ" ಅಂದೆ. ಅರ್ಧ ಗಂಟೆ ಹೆಚ್ಚಿನ ಕೆಲಸ ಕೊಟ್ಟಳು.

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಅವರ ಕುದುರೆಯ ಬಾಲದ ಮೇಲೆ ಅಷ್ಟುದ್ದ ಬರೆದಿದ್ದೀಯ. ನಮ್ಮದು ಯಾವುದು ಹೋಯಿತು ಎಂದು ಒಂದು ಪದ ಇಲ್ಲ. ಇಟ್ಟಿಗೆ ಸುಡುವವರ ಕೆಂಚು ಕುದುರೆ ಇರಬೇಕು, ಬೇರೆ ಯಾವುದಿದೆ?

ಅತ್ತೆ ಹೇಗಿದ್ದಾಳೆ? ಕೆಲಸದವರ ವಸತಿಯಲ್ಲಿ ಪಕ್ಕದ ಮಂಚದವಳು ನನ್ನ ಭುಜದ ಮೇಲಿಂದ ಓದಿ, "ನಿಂಗೆ ಮದುವೆನೇ ಆಗಿಲ್ವಲ್ಲೇ, ಅತ್ತೆ ಎಲ್ಲಿಂದ ಬಂದ್ಲು?" ಅಂದಳು. ನಮ್ಮ ಹೆಣ್ಣುಕುದುರೆ ಅಂದೆ. ತಾನೇ ಒದ್ದು ತಾನೇ ಮುನಿಸಿಕೊಂಡು ಮೂಲೆ ಸೇರುವವಳಿಗೆ ಬೇರೆ ಯಾವ ಹೆಸರು ಒಪ್ಪುತ್ತದೆ?

ತಮಾಷೆ ಸಾಕು. ಅವಳ ಬಲ ಮುಂಗಾಲಿನ ಹಿಂದಿನ ನರ ಮುಟ್ಟಿ ನೋಡಿ ಬರಿ, ಬಿಸಿಯೋ ತಣ್ಣಗೋ. ನಾನು ಓಡಿಸುವಾಗ ಅದು ಸೆಳೆದುಕೊಂಡದ್ದು, ಮೂರು ತಿಂಗಳು ಅಪ್ಪನ ಕಣ್ಣು ತಪ್ಪಿಸಿ ಪಟ್ಟಿ ಕಟ್ಟಿದ್ದು, ನೀನು ಬಕೆಟ್ಟು ಹಿಡಿದು ಕಾವಲು ನಿಂತಿದ್ದು, ಇದು ನಮ್ಮಿಬ್ಬರಿಗೆ ಮಾತ್ರ ಗೊತ್ತು. ಅಪ್ಪನ ಹಾಲಿನ ಗಾಡಿ ಎಳೆದರೆ ಚಿಂತೆಯಿಲ್ಲ. ಓಡಿದರೆ ಹರಿಯುತ್ತದೆ. ಕಾಲು ಹಾಳಾಗಿದೆ ಎಂದು ಗೊತ್ತಾದರೆ ಅಪ್ಪ ಏನು ಮಾಡುತ್ತಾರೆ ಎಂದು ಹೇಳಬೇಕಾಗಿಲ್ಲ. ಅವಳ ತಾಯಿ ಕುಂಟಿದ ಮರುದಿನವೇ "ಕುಂಟು ಕಾಲಿಗೆ ನಮ್ಮನೇಲಿ ಮೇವಿಲ್ಲ" ಎಂದು ಚರ್ಮದ ಕಾರ್ಖಾನೆಯ ಗಾಡಿ ಹತ್ತಿಸಿದರು. ನೀನು ಆಗ ಚಿಕ್ಕವನು. ಗಾಡಿಯ ಹಿಂದೆ ಓಡಿದ್ದು ನಾನು.

ಮುಟ್ಟಿ ನೋಡಿ ಬರಿ.

ಅಕ್ಕ


ಆಗಸ್ಟ್ 21

ಅಕ್ಕನವರ ಪಾದಗಳಿಗೆ, ಇಸ್ತ್ರಿ ಮಾಡಿದ ನಮಸ್ಕಾರ.

ಓಟ ನಿನ್ನೆ ಆಗಲಿಲ್ಲ. ಹತ್ತೊಂಬತ್ತರಂದು ಹೊಳೆ ಏರಿ ದಂಡೆಯ ದಾರಿಯನ್ನು ಎರಡು ಕಡೆ ತಿಂದುಹಾಕಿತು. ಎರಡೂ ಬೀದಿಯವರು ಶಾಲೆಯ ಹಜಾರದಲ್ಲಿ ಸಭೆ ಸೇರಿದರು. ತೀರ್ಪುಗಾರರಾದ ಹೆಡ್‌ಮೇಷ್ಟ್ರು ಅಧ್ಯಕ್ಷರು.

"ಓಟ ಮುಂದಕ್ಕೆ ಹೋಯ್ತು, ಸರಿ. ಕುದುರೆ ವಾಪಸು ಕೊಟ್ಬಿಡಿ" ಎಂದಳು ನಮ್ಮ ಬೀದಿಯ ದರ್ಜಿ ಚಿಕ್ಕಮ್ಮ.

"ಓಟದ ಬೆಳಿಗ್ಗೆ ವಾಪಸು ಅಂತ ನಿಯಮ. ಇವತ್ತು ಓಟದ ಬೆಳಿಗ್ಗೆಯಾ?" ಎಂದ ಮೇಲಿನ ಬೀದಿಯ ಬೇಕರಿಯವನು. ಅವರ ಸವಾರ ಅವನೇ.

"ಯಾಕೆ, ಸಾಕಿ ಸಾಕಿ ಸುಸ್ತಾಯ್ತಾ ನಿಮಗೆ?" ಎಂದು ಹಿಂದಿನಿಂದ ಯಾರೋ.

ಮುಗಿಯಿತು. ಸುಸ್ತಾಯಿತು ಎಂದು ಒಪ್ಪಿಕೊಳ್ಳಲು ಯಾವ ಬೀದಿ ತಯಾರಿದೆ? ದಾರಿ ರಿಪೇರಿಯಾಗುವವರೆಗೆ ಕುದುರೆಗಳು ಇದ್ದಲ್ಲೇ ಇರಬೇಕೆಂದು ಸರ್ವಾನುಮತದ ಮೂರ್ಖತನ ಅಂಗೀಕಾರವಾಯಿತು. ಮದುಮಗ ಪೀಪಾಯಿಯಾಗುತ್ತಿದ್ದಾನೆ.

ಅತ್ತೆಯ ವಿಷಯ ಕೇಳಿದ್ದೀಯ. ಸುಖವಾಗಿದ್ದಾಳೆ. ದಿನಕ್ಕೆ ಎರಡು ಹೊತ್ತು ಬೇಯಿಸಿದ ಕಾಳು, ಮೇಲೆ ಕ್ಯಾರೆಟ್ಟು. ಕಾಲು ಮುಟ್ಟಿ ನೋಡಲು ಆಗಲಿಲ್ಲ. ಒದೆಯುವವಳ ಹತ್ತಿರ ಹೋಗುವಾಗ ಮುಹೂರ್ತ ನೋಡಬೇಕು.

ಈಗ ನಿಯಮ ಮುರಿಯದೆ ಒಂದು ಗುಟ್ಟು. ಊರಿನಲ್ಲಿ ಬಾಯಿ ಬಿಡಬಾರದು ಎಂದಿದೆ. ಕಾಗದಕ್ಕೆ ಬಾಯಿಯಿಲ್ಲ, ನೀನು ಊರಿನಲ್ಲಿಲ್ಲ. ಆದ್ದರಿಂದ ಶುದ್ಧಾತ್ಮನಾಗಿ ಬರೆಯುತ್ತೇನೆ: ಮದುಮಗನಿಗೆ ಎಡಗಣ್ಣು ಕಾಣುವುದಿಲ್ಲ! ಟೋಪಿ ಬೀಸಿ ನೋಡಿದೆ, ರೆಪ್ಪೆ ಮಿಟುಕಿಸಲಿಲ್ಲ. ಮುಖ ಕೊಡದಿರುವುದು ಜಂಬದಿಂದಲ್ಲ, ಪಾಪ. ಓಟದಲ್ಲಿ ನನಗೆ ಎಡಗಡೆ ಸಿಕ್ಕಿದರೆ ಸುಣ್ಣದ ಗೂಡಿನ ತಿರುವಿನಲ್ಲಿ ಒಂದು ಕೂಗು ಸಾಕು. ಹೌಹಾರಿ ಹೊಳೆಗೇ ಹಾರುತ್ತಾನೆ.

ತಮ್ಮ, ಭಾವೀ ವಿಜಯಿ


ಸೆಪ್ಟೆಂಬರ್ 2

ತರಲೆಗೆ,

ಬರೆಯಲು ತಡವಾಯಿತು. ಕೆಲಸ ಇತ್ತು ಅನ್ನುವುದು ಸುಳ್ಳು. ಬರೆಯಲು ಕೂತು ಎರಡು ಸಲ ಹರಿದೆ.

ಕಣ್ಣು ಕಾಣದ ಜೀವವನ್ನು ಕೂಗಿ ಬೆದರಿಸಿದರೆ ನನಗೆ ತಮ್ಮನಿಲ್ಲ ಅಂದುಕೊಳ್ಳುತ್ತೇನೆ. ಇದನ್ನು ತಮಾಷೆಗೆ ಬರೆದಿಲ್ಲ.

ಒಂದು ಮಾತು ಕೇಳಬೇಕಿತ್ತು. ನಮ್ಮ ಲಾಯದಲ್ಲಿರುವುದು ಒಂದೇ ಕುದುರೆಯ ಜಾಗ. ಅಲ್ಲಿ ಮದುಮಗ ಇದ್ದರೆ ಅತ್ತೆ ಎಲ್ಲಿ ಮಲಗುತ್ತಾಳೆ? ಹಿಡಿ ಹುಲ್ಲು ಹೆಚ್ಚಾದರೆ ಹಿಂದಕ್ಕೆ ತೆಗೆಯುವ ಅಪ್ಪ ಎರಡು ಹೊತ್ತು ಕಾಳು ಬೇಯಿಸುವಷ್ಟು ಯಾವಾಗ ಉದಾರಿಯಾದರು?

ಇನ್ನೇನೂ ಬರೆಯುವುದಿಲ್ಲವಾ?

ಅಕ್ಕ


ಸೆಪ್ಟೆಂಬರ್ 7

ಅಕ್ಕ,

ಈ ಹಾಳೆಯ ಹಿಂದುಗಡೆ ನೋಡು. "ಕುದುರೆ ಓಟ, ಸೆಪ್ಟೆಂಬರ್ 5, ಸರ್ವರಿಗೂ ಆದರದ ಸ್ವಾಗತ." ಇನ್ನೂರು ಪ್ರತಿ ಅಚ್ಚು ಹಾಕಿದ ಮಧ್ಯಾಹ್ನವೇ ಹೆಡ್‌ಮೇಷ್ಟ್ರ ಕೆನ್ನೆ ಊದಿತು. ಮಂಗನಬಾವು, ಅರವತ್ತರ ವಯಸ್ಸಿನಲ್ಲಿ! ಕರವಸ್ತ್ರ ಬೀಳಿಸಿ ಓಟ ಶುರುಮಾಡುವ ಹಕ್ಕು ಅವರೊಬ್ಬರದು. ನೋಡಲು ಹೋದೆ. ಎರಡೂ ಕೆನ್ನೆ ಸೇರಿ ಅವರೇ ಒಂದು ಸಭೆಯ ಹಾಗೆ ಕಾಣುತ್ತಿದ್ದರು. "ಹದಿಮೂರು ದಿನ" ಎಂದು ಬೆರಳಲ್ಲಿ ತೋರಿಸಲು ಹೋಗಿ ಬೆರಳು ಸಾಲದೆ ನನ್ನದನ್ನೂ ಎರವಲು ಪಡೆದರು. ಹೊಸ ತಾರೀಖು ಹದಿನೆಂಟು.

ಊರು ಕುದಿಯುತ್ತಿದೆ. ಯಾರಿಗೂ ಕೂತಲ್ಲಿ ಕೂರಲಾಗುತ್ತಿಲ್ಲ. ದರ್ಜಿ ಚಿಕ್ಕಮ್ಮ ಒಂದೇ ಅಂಗಿಗೆ ಮೂರು ತೋಳು ಹೊಲಿದಳು. ಅಪ್ಪ ಹಾಲಿನ ಕ್ಯಾನು ತೊಳೆದದ್ದನ್ನೇ ತೊಳೆಯುತ್ತಾರೆ. ನಾನು ಮುದ್ರಣಾಲಯದ ಮಾಳಿಗೆ ಹತ್ತಿ ಇಳಿದು ಹತ್ತಿ ಇಳಿದು ಯಜಮಾನರಿಂದ "ನೀನೇನು ಮನುಷ್ಯನೋ, ಬಾವಿ ಬಿಂದಿಗೆಯೋ?" ಎಂದು ಅನ್ನಿಸಿಕೊಂಡೆ.

ಹತ್ತುವುದು ಯಾಕೆ ಎಂದರೆ, ಅಲ್ಲಿಂದ ಹೊಳೆ ಕಾಣುತ್ತದೆ. ಗಡಿಯಾರದವನು ದಿನಾ ಬೆಳಿಗ್ಗೆ ಅವಳನ್ನು ಮೊಣಕಾಲುದ್ದ ನೀರಿನಲ್ಲಿ ನಿಲ್ಲಿಸಿ ತಾನೂ ನಿಲ್ಲುತ್ತಾನೆ. ಕೈಯಲ್ಲಿ ಗಡಿಯಾರ. ಒಂದು ಗಂಟೆ. ನಮ್ಮನ್ನು ಉರಿಸಲು ಮಾಡುವ ಮೆರೆದಾಟ ಎಂದು ಬೀದಿಯೆಲ್ಲ ಹೇಳುತ್ತದೆ. ನನಗೂ ಹಾಗೇ ಅನ್ನಿಸುತ್ತದೆ.

ಅವಳನ್ನು ಅಂತ ಬರೆದುಬಿಟ್ಟೆ.

ಸರಿ. ಅತ್ತೆಯೇ ಹೋಗಿದ್ದಾಳೆ. ಗಾಡಿಗೆ ಇಟ್ಟಿಗೆಯವರ ಕೆಂಚನನ್ನು ಎರವಲು ತಂದಿದ್ದಾರೆ. ಯಾರೂ ಒತ್ತಾಯ ಮಾಡಲಿಲ್ಲ ಅಕ್ಕ. ಒತ್ತೆಗೆ ಮೊದಲು ನಮ್ಮ ಬೀದಿಯ ಸಭೆಯಲ್ಲಿ "ಈ ವರ್ಷ ಯಾವ ಕುದುರೆ?" ಎಂದರು. ಎಲ್ಲರೂ ನೆಲ ನೋಡುತ್ತಿದ್ದರು. ನನ್ನ ಕೈ ಮೇಲೆ ಹೋಯಿತು. ಇಪ್ಪತ್ತು ವರ್ಷದಿಂದ ಈ ಬೀದಿ ನನ್ನನ್ನು ಕಂಡು ನಗುತ್ತಿದೆ, ನಗಿಸಿದ್ದೂ ನಾನೇ. ಒಂದು ಸಲ ಚಪ್ಪಾಳೆ ತಟ್ಟಲಿ ಅನ್ನಿಸಿತು. ಕಾಲಿನ ವಿಷಯ ಆಗ ನೆನಪಿಗೆ ಬರಲಿಲ್ಲ ಎಂದು ಬರೆಯಬಹುದು. ಬಂದಿತ್ತು.

ಬೈದು ಬರಿ. ಬೇಗ ಬರಿ.


ಸೆಪ್ಟೆಂಬರ್ 12

ತಮ್ಮಾ,

ಬೈಯುವುದೆಲ್ಲ ಒಳಗೊಳಗೇ ಮುಗಿದಿದೆ. ನನಗೆ ಆಗಸ್ಟ್ ಹತ್ತೊಂಬತ್ತರಿಂದಲೇ ಗೊತ್ತಿತ್ತು.

ಕಾಗದಕ್ಕೆ ಬಾಯಿಯಿಲ್ಲ ಎಂದು ಕಂಡುಹಿಡಿದ ಜಾಣ ನೀನೊಬ್ಬನೇ ಎಂದುಕೊಂಡೆಯಾ? ಮೇಲಿನ ಬೀದಿಯಲ್ಲೂ ಒಂದು ಲೇಖನಿ ಇದೆ. ಗಡಿಯಾರದವರು ಬರೆದದ್ದು ನಾಲ್ಕು ಸಾಲು: "ನಿಮ್ಮ ಮನೆಯ ಕುದುರೆಯ ಬಲ ಮುಂಗಾಲು ಬಿಸಿ ಇದೆ. ಇಲ್ಲಿ ಯಾರಿಗೂ ಹೇಳುವ ಹಾಗಿಲ್ಲ. ಮೊದಲು ಇದನ್ನು ಓಡಿಸುತ್ತಿದ್ದವರು ನೀವು. ಏನು ಮಾಡಲಿ?" ದಿನಾ ಒಂದು ಗಂಟೆ ಹರಿಯುವ ತಣ್ಣೀರು ಎಂದು ಬರೆದೆ. ಒಂದು ಗಂಟೆ ಎಂದರೆ ಅವರಿಗೆ ಅರವತ್ತೇ ನಿಮಿಷ. ಮಾಳಿಗೆ ಹತ್ತಿ ನೀನು ನೋಡಿದ ಮೆರೆದಾಟ ಅದು.

ನಿನಗೆ ಯಾಕೆ ಬರೆಯಲಿಲ್ಲ ಅಂದರೆ, ನೀನಾಗಿಯೇ ಹೇಳುತ್ತೀಯಾ ಎಂದು ಕಾದೆ. ಅಂಚೆಯವನು ಬರುವ ಹೊತ್ತಿಗೆ ಕೈಯಲ್ಲಿದ್ದ ಹೊದಿಕೆ ಸುಡುತ್ತಿತ್ತು. ಎರಡು ಸುಟ್ಟೆ. ಹೇಳಿದೆಯಲ್ಲ, ತಡವಾದರೂ.

ಈಗ ಕೇಳು. ಅವಳನ್ನು ಓಟದಿಂದ ಹಿಂದಕ್ಕೆ ತೆಗೆದರೆ ಅಪ್ಪ ಯಾಕೆ ಎಂದು ಕೇಳುತ್ತಾರೆ. ಓಡಿಸಿ ನರ ಹರಿದರೆ ಕೇಳುವುದೇ ಬೇಡ, ಕಣ್ಣಿಗೇ ಕಾಣುತ್ತದೆ. ಎರಡೂ ದಾರಿ ಆ ಚರ್ಮದ ಗಾಡಿಯ ಹತ್ತಿರಕ್ಕೇ ಹೋಗುತ್ತವೆ. ಇಲ್ಲಿ ಕೂತು ನನಗೆ ಮೂರನೆಯ ದಾರಿ ಹೊಳೆಯುತ್ತಿಲ್ಲ. ಬೆನ್ನ ಮೇಲೆ ಇರುವವನು ನೀನು. ಒಂದೇ ವಿಷಯ ಹೇಳಬಲ್ಲೆ. ನೋವು ಶುರುವಾದರೆ, ಹೆಜ್ಜೆ ತಪ್ಪುವ ಮೊದಲೇ ಅವಳು ಕಿವಿಗಳನ್ನು ಹಿಂದಕ್ಕೆ ಒತ್ತುತ್ತಾಳೆ. ಆಗ ಇನ್ನು ಐದಾರು ನೆಗೆತದಷ್ಟು ಸಮಯ ಇರುತ್ತದೆ. ಕಳೆದ ಸಲ ನಾನು ಕಿವಿ ನೋಡಲಿಲ್ಲ, ಗೆಲುವಿನ ಗೆರೆ ನೋಡುತ್ತಿದ್ದೆ.

ಅಕ್ಕ


ಸೆಪ್ಟೆಂಬರ್ 17

ಅಕ್ಕ,

ನಾಳೆ. ಚೀಟಿ ಎತ್ತಿದೆವು. ನನಗೆ ಎಡಗಡೆ ಬಂತು. ಬೇಕರಿಯವನ ಮುಖ ಬಿಳಿಚಿತು. ಅವನು ನನ್ನನ್ನೇ ನೋಡುತ್ತಿದ್ದ, ಇವನಿಗೆ ಗೊತ್ತೋ ಇಲ್ಲವೋ ಎಂದು. ನಾನು ಅವನ ಹತ್ತಿರ ಒಂದು ಬನ್ನು ಕೇಳಿದೆ. ಕೊಟ್ಟ.

ಬೆಳಿಗ್ಗೆ ಮಾಳಿಗೆಯಿಂದ ನೋಡಿದೆ. ನೀರಿನಿಂದ ಅವಳು ಒಂದೇ ನೆಗೆತಕ್ಕೆ ದಂಡೆ ಹತ್ತಿದಳು. ಮೈ ಹೊಳೆಯುತ್ತಿದೆ. ಕುಂಟಿಲ್ಲ. ನಾಲ್ಕು ವಾರ ತಣ್ಣೀರು, ಐದು ವಾರ ವಿಶ್ರಾಂತಿ. ವಾಸಿಯಾಗಿರಬಹುದಲ್ಲ? ಬೀದಿಯಲ್ಲಿ ಹೋದಲ್ಲೆಲ್ಲ ಬೆನ್ನು ತಟ್ಟುತ್ತಾರೆ. ಚಿಕ್ಕಮ್ಮ ಮೂರನೆಯ ತೋಳನ್ನು ಬಿಚ್ಚಿ ಆ ಅಂಗಿಯನ್ನು ನನಗೇ ಕೊಟ್ಟಳು. ಅಪ್ಪ ಸಂಜೆ ಮಾತಿಲ್ಲದೆ ನನ್ನ ಬೂಟಿಗೆ ಎಣ್ಣೆ ಹಚ್ಚಿದರು. ಅಪ್ಪ, ನನ್ನ ಬೂಟಿಗೆ.

ಗೆಲ್ಲಲೂಬಹುದು ಅಕ್ಕ. ಹೌದು ಅನ್ನು. ಇದು ನಿನಗೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ ಎಂದು ಗೊತ್ತಿದ್ದೇ ಕೇಳುತ್ತಿದ್ದೇನೆ.


ಸೆಪ್ಟೆಂಬರ್ 20

ಸಕಲ ಬಂಧುಮಿತ್ರರಲ್ಲಿ ಅಗ್ರಗಣ್ಯಳಾದ ಅಕ್ಕನಿಗೆ,

ತೀವ್ರ ವಿಷಾದದಿಂದ ತಿಳಿಸುವುದೇನೆಂದರೆ, ಕೆಳಗಿನ ಬೀದಿಯ ಮಾನವು ಹದಿನೆಂಟರಂದು ಬೆಳಿಗ್ಗೆ ಸುಣ್ಣದ ಗೂಡಿನ ಹತ್ತಿರ ಅಲ್ಪಕಾಲದ ಅಸ್ವಸ್ಥತೆಯಿಂದ ತೀರಿಕೊಂಡಿತು. ಹೂವು ತರಬೇಡಿ.

ಅಪ್ಪ ಎದುರಿಗೇ ಕೂತಿದ್ದಾರೆ. "ಏನೇನಾಯ್ತೋ ಎಲ್ಲ ಬರಿ. ನಿಮ್ಮಕ್ಕನಿಗೂ ಗೊತ್ತಾಗ್ಲಿ" ಎನ್ನುತ್ತಿದ್ದಾರೆ. ಬರೆಯುತ್ತೇನೆ.

ಗೂಡಿನವರೆಗೆ ನಾವು ಮುಂದಿದ್ದೆವು. ತಿರುವು ಕಂಡಿತು. ನನಗೆ ಭಯವಾಯಿತು. ಲಗಾಮು ಎಳೆದೆ. ಮದುಮಗ ಗೆದ್ದ. ಅಷ್ಟೇ.

"ಅಷ್ಟೇ ಅಂತೆ! ಊರೆಲ್ಲ ನೋಡ್ತಾ ಇದ್ರು ಅಂತ ಬರಿ. ಗೆಲ್ಲೋ ಕುದುರೆ ಕೊಟ್ರೂ ಹೇತ್ಲಾಂಡಿ ಥರ ನಿಂತ ಅಂತ ಬರಿ." ಬರೆದೆ. ಈ ಪದದ ಕಾಗುಣಿತ ನನ್ನದೇ, ಮುದ್ರಣಾಲಯದಲ್ಲಿ ಇದುವರೆಗೆ ಬೇಕಾಗಿರಲಿಲ್ಲ.

ಬೀದಿ ನನಗೆ ಲಗಾಮು ಎಂದು ಹೊಸ ಹೆಸರಿಟ್ಟಿದೆ. ಚಿಕ್ಕಮ್ಮ ಅಂಗಿ ವಾಪಸು ಕೇಳಿದಳು. ಅತ್ತೆ ಗಾಡಿಗೆ ಮರಳಿದ್ದಾಳೆ. ಇವತ್ತು ಗಾಡಿ ಹೊಡೆಯುವ ಹಾಲಿನವರನ್ನೇ ಒದ್ದಳು.

"ಮುಗೀತಾ? ಕೊಡಿಲ್ಲಿ, ನಾನೇ ಅಂಚೆಗೆ ಹಾಕ್ತೀನಿ."

ಮುಗಿಯಿತು.


ಸೆಪ್ಟೆಂಬರ್ 25

ತಮ್ಮಾ,

ನಿನ್ನ ಕಾಗದವನ್ನೂ ಓದಿದೆ, ಅದೇ ಅಂಚೆಯಲ್ಲಿ ಬಂದ ಇನ್ನೊಂದನ್ನೂ ಓದಿದೆ.

ಗಡಿಯಾರದವರು ಆ ದಿನ ಗೂಡಿನ ಹತ್ತಿರ ನಿಂತಿದ್ದರಂತೆ. ಇಷ್ಟುದ್ದ ಅವರು ಬರೆದದ್ದು ಇದೇ ಮೊದಲು. ಅವರ ಮಾತಲ್ಲೇ ಇಳಿಸುತ್ತೇನೆ: "ತಿರುವಿಗೆ ಮೂವತ್ತು ಗಜ ಇರುವಾಗ ನಿಮ್ಮ ಕುದುರೆ ಅರ್ಧ ಮೈ ಮುಂದೆ ಇತ್ತು. ಕಿವಿ ಹಿಂದಕ್ಕೆ ಹಾಕಿತು. ನಿಮ್ಮ ತಮ್ಮ ರಿಕಾಪಿನಲ್ಲಿ ಕಾಲೂರಿ ಎದ್ದು ನಿಂತು ಲಗಾಮು ಎಳೆದರು. ಹೆಜ್ಜೆ ತಪ್ಪಲಿಲ್ಲ. ನಮ್ಮ ಕುದುರೆಯ ಎಡಗಡೆ ಅಷ್ಟು ಹತ್ತಿರ ಇದ್ದರೂ ಗದ್ದಲ ಮಾಡಲಿಲ್ಲ, ದಾರಿ ಬಿಟ್ಟರು. ಇಳಿದು ಕಾಲು ಮುಟ್ಟಿ ನೋಡಲಿಲ್ಲ. ನೋಡಬೇಕು ಅನ್ನಿಸಿದ್ದು ಅವರ ಕೈಯಲ್ಲಿ ಕಾಣುತ್ತಿತ್ತು. ಜನ ಇದ್ದರು."

ಹೊದಿಕೆಯ ರಾಶಿಯ ಮೇಲೆ ಕೂತು ಓದಿದೆ. ಮೇಲ್ವಿಚಾರಕಿ ಏನೋ ಹೇಳಲು ಬಂದವಳು ನನ್ನ ಮುಖ ನೋಡಿ ಹೊರಟುಹೋದಳು.

ಓಟ ಮುಗಿದ ಮೇಲೆ ಬಾಯಿ ಕಟ್ಟುವ ನಿಯಮವೂ ಮುಗಿಯಿತಲ್ಲ. ಭಯದಿಂದ ನಿಂತದ್ದಲ್ಲ, ಕಾಲು ಉಳಿಸಲು ನಿಂತದ್ದು ಎಂದು ಎರಡೂ ಬೀದಿಯ ಮುಂದೆ ಹೇಳುತ್ತೇನೆ ಅನ್ನುತ್ತಾರೆ. ಇಂಥ ಗೆಲುವು ತಮಗೆ ಗಂಟಲಲ್ಲಿ ಇಳಿಯುತ್ತಿಲ್ಲವಂತೆ. ಹೇಳಿದರೆ ನಿನ್ನ ಹೆಸರು ನಿನಗೆ ಸಿಗುತ್ತದೆ, ಅಪ್ಪನೂ ತಲೆ ಎತ್ತಿ ಗಾಡಿ ಹೊಡೆಯುತ್ತಾರೆ. ಅತ್ತೆಯ ಕಾಲು ಊರಿಗೆಲ್ಲ ಗೊತ್ತಾಗುತ್ತದೆ. ಆಮೇಲಿನದು ನಿನಗೆ ತಿಳಿದದ್ದೇ.

ನಿನ್ನನ್ನು ಕೇಳದೆ ಹೇಳಬೇಡಿ ಎಂದು ಬರೆದಿದ್ದೇನೆ. ಅದು ಅವರಿಗೆ ಸಮಯಕ್ಕೆ ಮುಟ್ಟುತ್ತದೋ ಇಲ್ಲವೋ. ನಾನು ಹೀಗೆ ಮಾಡು, ಹಾಗೆ ಮಾಡು ಅನ್ನುವುದಿಲ್ಲ. ನನಗೆ ಏನು ಬೇಕೆಂದು ನಿನಗೆ ಗೊತ್ತು, ಆದರೆ ದಿನಾ ಆ ಬೀದಿಯಲ್ಲಿ ನಡೆಯುವವನು ನೀನು. ಹೂಂ ಅಥವಾ ಊಹೂಂ, ಒಂದು ಮಾತು ಬರಿ.

ಅಕ್ಕ


ಸೆಪ್ಟೆಂಬರ್ 29

ಅಕ್ಕ,

ಊಹೂಂ.

ನಿನ್ನ ಕಾಗದ ಬಂದದ್ದು ಇವತ್ತು ಮಧ್ಯಾಹ್ನ. ಅದಕ್ಕೆ ಮೊದಲೇ ಬೆಳಿಗ್ಗೆ ಹೀಗಾಯಿತು. ಕೆಂಚನನ್ನು ಹಿಂದಿರುಗಿಸಿದಾಗಿನಿಂದ ಅಪ್ಪನ ಜೊತೆ ಕ್ಯಾನು ಇಳಿಸಲು ನಾನೂ ಗಾಡಿಯಲ್ಲಿ ಹೋಗುತ್ತೇನೆ. ಅಪ್ಪ ಮಾತಾಡುವುದಿಲ್ಲ, ಕ್ಯಾನು ತೋರಿಸುತ್ತಾರೆ. ಮೇಲಿನ ಬೀದಿಗೆ ಬಂದಾಗ ಗಡಿಯಾರದವರು ಅಂಗಡಿಯಿಂದ ಇಳಿದು ನೇರ ಗಾಡಿಯ ಮುಂದೆ ಬಂದು ನಿಂತರು. ಅಪ್ಪ ಹಗ್ಗ ಎಳೆದರು. ಬೇಕರಿಯವನು ಬಾಗಿಲಿಗೆ ಬಂದ, ನಾಲ್ಕಾರು ಜನ ಸೇರಿದರು. ಅತ್ತೆ ಅವರ ಭುಜಕ್ಕೆ ಮೂತಿ ಒರಸಿದಳು. ಒದೆಯಲಿಲ್ಲ.

ಅವರು ಗಂಟಲು ಸರಿಮಾಡಿಕೊಂಡರು. "ಯಜಮಾನ್ರೇ, ನಿಮ್ಮ ಮಗನ ವಿಷಯ ಒಂದು ಮಾತು..."

"ಟೈಮ್ ಎಷ್ಟಾಯ್ತು ಸಾರ್?" ಎಂದೆ ನಾನು. ಅಷ್ಟು ಜೋರಾಗಿ ಯಾಕೆ ಕೇಳಿದೆನೋ, ಬೀದಿಯೆಲ್ಲ ತಿರುಗಿ ನೋಡಿತು.

ಅವರು ನನ್ನನ್ನು ನೋಡಿದರು. ನಾನು ತಲೆ ಅಲ್ಲಾಡಿಸಿದೆ, ಇಷ್ಟೇ ಇಷ್ಟು. ಅವರು ಜೇಬಿನಿಂದ ಗಡಿಯಾರ ತೆಗೆದು, ಮುಚ್ಚಳ ತೆರೆದು, ತುಂಬ ಹೊತ್ತು ನೋಡಿದರು.

"ಏಳೂವರೆ" ಎಂದರು. ಪಕ್ಕಕ್ಕೆ ಸರಿದರು.

ಅಪ್ಪ ಗಾಡಿ ಹೊಡೆದರು. ಸ್ವಲ್ಪ ದೂರ ಹೋದ ಮೇಲೆ, ಒಂಬತ್ತು ದಿನದಲ್ಲಿ ಮೊದಲ ಸಲ, ಬಾಯಿ ಬಿಟ್ಟರು. "ತಿರುವಿಗೆ ಮುಂಚೆ ನಿಂತ್ಕೊಳ್ಳೋನಿಗೆ ಟೈಮ್ ಯಾಕೋ?"

"ಸುಮ್ನೆ ಕೇಳ್ದೆ ಅಪ್ಪಾ."

ಒಳ್ಳೆಯ ಉತ್ತರಗಳು ಎರಡು ಮೂರು ನಾಲಗೆಯ ತುದಿಗೇ ಬಂದಿದ್ದವು. ನುಂಗಿಕೊಂಡೆ. ಮುಂದೆ ಅತ್ತೆ ನಡೆಯುತ್ತಿದ್ದಳು, ಕಿವಿ ಎರಡೂ ನೆಟ್ಟಗೆ.